ಮೂಕಿ ಮರಕ್ಕೆ ಜೋತುಬಿದ್ದವನು: ಸ್ಟಂಟ್ ಕಲಾವಿದ ಯಾಕಿಮಾ ಕನಟ್, ಒಂದು ಪ್ರಕರಣ ಅಧ್ಯಯನ

ಕ್ಯಾಲಿಫೋರ್ನಿಯಾದ ವಿಕ್ಟರ್‌ವಿಲ್ ಊರಿನಾಚೆ, ಮರುಭೂಮಿಯಲ್ಲಿ, ಎಂದೋ ನೀರು ಬತ್ತಿದ ಕೆರೆಯಂಗಳವೊಂದಿದೆ. ಸಗಣಿ ಸಾರಿಸಿದ ಕಣದಷ್ಟು ಸಪಾಟು ನೆಲ. 1938ರ ಕೊನೆಯ ತಿಂಗಳುಗಳಲ್ಲಿ ಅಲ್ಲಿ ಆರು ಕುದುರೆ ಕಟ್ಟಿದ ಗಾಡಿಯೊಂದು ನಾಗಾಲೋಟದಲ್ಲಿ ಓಡಿತು. ಅಮೆರಿಕದ ಮೂಲನಿವಾಸಿಗಳಾದ ಅಪಾಚೆ ಜನರ ಯೋಧನ ವೇಷ ತೊಟ್ಟ ಸವಾರನೊಬ್ಬ ತನ್ನ ಕುದುರೆಯನ್ನು ಗಾಡಿಯ ಮುಂಜೋಡಿಯ ಸಮಕ್ಕೆ ತಂದ. ಅಲ್ಲಿಂದ ಹಾರಿ ಆ ಜೋಡಿಯ ಮೇಲೆ ಬಿದ್ದ. ಗಾಡಿಯ ಮೇಲಿದ್ದ ನಾಯಕ ಗುಂಡು ಹಾರಿಸಿದ. ಗುಂಡು ತಗುಲಿದವನಂತೆ ಸವಾರ ಎರಡು ಕುದುರೆಗಳ ನಡುವಿನ ಸಂದಿಗೆ ಜಾರಿ, ಗಾಡಿಯಿಂದ ಮುಂದಕ್ಕೆ ಚಾಚಿದ ಮೂಕಿ ಮರವನ್ನು ಎರಡೂ ಕೈಯಲ್ಲಿ ಹಿಡಿದು ಜೋತುಬಿದ್ದ. ಕಾಲು ನೆಲ ಕೆರೆಯುತ್ತಿದೆ, ಎರಡೂ ಪಕ್ಕದಲ್ಲಿ ಗೊರಸುಗಳು ಬೀಳುತ್ತಿವೆ. ಇನ್ನೊಂದು ಗುಂಡು. ಕೈ ಬಿಟ್ಟ. ಹಿಂದಿನ ನಾಲ್ಕು ಕುದುರೆಗಳು, ಆಮೇಲೆ ಗಾಡಿ, ಗಾಡಿಯ ನಾಲ್ಕು ಗಾಲಿಗಳು, ಎಲ್ಲವೂ ಅವನ ಎಡಬಲದಲ್ಲಿ ದಾಟಿ ಹೋದವು.

ಜಾನ್ ಫೋರ್ಡ್ ನಿರ್ದೇಶನದ ‘ಸ್ಟೇಜ್‌ಕೋಚ್’ ಚಿತ್ರದ ತುಣುಕು ಇದು. ಚಿತ್ರ ತೆರೆಗೆ ಬಂದದ್ದು 1939ರಲ್ಲಿ. ನಾಯಕನ ಪಾತ್ರ ಮಾಡಿದ ಜಾನ್ ವೇಯ್ನ್ ಅಲ್ಲಿಂದ ಮುಂದೆ ದೊಡ್ಡ ತಾರೆಯಾದ. ಕುದುರೆಗಳ ನಡುವೆ ಜಾರಿದವನ ಹೆಸರು ಚಿತ್ರದ ಟೈಟಲ್ ಕಾರ್ಡಿನಲ್ಲಿ ಎಲ್ಲೂ ಇಲ್ಲ. ಅವನೇ ಯಾಕಿಮಾ ಕನಟ್. ಆ ಹೊತ್ತಿಗೆ ಅವನ ವಯಸ್ಸು 43ರ ಆಸುಪಾಸು.

ಆ ದೃಶ್ಯವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಮೊದಮೊದಲು ಎಲ್ಲರಂತೆ ನಾನೂ ‘ಎಂಥ ಗಂಡೆದೆ!’ ಎಂದುಕೊಂಡೆ. ನಿಧಾನಗತಿಯಲ್ಲಿ ನಿಲ್ಲಿಸಿ ನಿಲ್ಲಿಸಿ ನೋಡಿದ ಮೇಲೆ ಬೇರೆಯದೇ ಕಾಣತೊಡಗಿತು. ಕೈ ಬಿಡುವ ಕ್ಷಣದಲ್ಲಿ ಅವನ ಮೊಣಕೈಗಳು ಎಲ್ಲಿವೆ ನೋಡಿ. ಅದು ಭಂಡ ಧೈರ್ಯದ ಮನುಷ್ಯನ ಮೈಯಲ್ಲ, ಅಳತೆ ತೆಗೆದು ಗರಗಸ ಹಿಡಿಯುವ ಬಡಗಿಯ ಮೈ. ಈ ಅಧ್ಯಯನ ಹುಟ್ಟಿದ್ದು ಅಲ್ಲಿಂದ. ಮೈಯನ್ನೇ ಬಂಡವಾಳ ಮಾಡಿಕೊಂಡ ಒಬ್ಬ ಮನುಷ್ಯ, ಮೂಳೆ ಮುರಿಯುವುದೇ ಮಾಮೂಲಾಗಿದ್ದ ಕಸುಬಿನಲ್ಲಿ ಬಾಳಿ, 90 ವರ್ಷ ಬದುಕಿದ್ದು ಹೇಗೆ? ಅಪಾಯವನ್ನು ತೆರೆಯ ಮೇಲೆ ಹಾಗೇ ಉಳಿಸಿ, ನೆಲದ ಮೇಲೆ ಕಡಿಮೆ ಮಾಡುತ್ತ ಬಂದ. ನನಗೆ ಕಂಡ ಉತ್ತರ ಅದೊಂದೇ. ಅದನ್ನು ಎಲ್ಲೆಲ್ಲಿ, ಹೇಗೆ ಮಾಡಿದ ಎನ್ನುವುದೇ ಇಲ್ಲಿನ ವಿಷಯ.

ತಪ್ಪಿ ಬಂದ ಹೆಸರು

ಹುಟ್ಟಿದಾಗಿನ ಹೆಸರು ಈನಸ್ ಎಡ್ವರ್ಡ್ ಕನಟ್. 1895ರ ನವೆಂಬರ್ 29ರಂದು ವಾಷಿಂಗ್ಟನ್ ರಾಜ್ಯದ ಕೋಲ್ಫ್ಯಾಕ್ಸ್ ಬಳಿ, ಸ್ನೇಕ್ ನದಿಯ ಸೀಮೆಯ ರ‍್ಯಾಂಚ್ ಕುಟುಂಬದಲ್ಲಿ ಹುಟ್ಟಿದವನು. 1912ರಲ್ಲಿ, 16ರ ಹುಡುಗ, ಊರ ಜಾತ್ರೆಯಲ್ಲಿ ಪಳಗದ ಕುದುರೆಯ ಮೇಲೆ ಕೂತ. ಅಮೆರಿಕದ ಪಶ್ಚಿಮದಲ್ಲಿ ಇದಕ್ಕೆ ರೋಡಿಯೋ ಎನ್ನುತ್ತಾರೆ: ಎಗರುವ ಕುದುರೆಯ ಮೇಲೆ ಕೂರುವುದು, ಓಡುವ ಹೋರಿಯ ಕೊಂಬು ಹಿಡಿದು ಕೆಡವುವುದು, ಹಗ್ಗ ಬೀಸಿ ಕರು ಹಿಡಿಯುವುದು. ನಮ್ಮ ಹಾವೇರಿ, ಶಿವಮೊಗ್ಗ ಕಡೆಯ ಹೋರಿ ಹಬ್ಬ ಕಂಡವರಿಗೆ ಆ ಜನಜಂಗುಳಿ, ಧೂಳು, ಕೇಕೆ ಬಿಡಿಸಿ ಹೇಳಬೇಕಿಲ್ಲ.

ಒರೆಗಾನ್ ರಾಜ್ಯದ ಪೆಂಡಲ್‌ಟನ್‌ನಲ್ಲಿ ನಡೆಯುವ ರೋಡಿಯೋಗೆ ದೊಡ್ಡ ಹೆಸರು. 1914ರಲ್ಲಿ ಅಲ್ಲಿ ಭಾಗವಹಿಸಿದಾಗ ಪತ್ರಿಕೆಯವರು ಇವನನ್ನು ಯಾಕಿಮಾ ಎಂಬ ಊರಿನವನೆಂದು ತಪ್ಪಾಗಿ ತಿಳಿದು ಹಾಗೇ ಅಚ್ಚು ಹಾಕಿದರು. ಇವನಿಗೂ ಆ ಊರಿಗೂ ಸಂಬಂಧವಿರಲಿಲ್ಲ. ಹೆಸರು ಮಾತ್ರ ಅಂಟಿಕೊಂಡಿತು. ಗೆಳೆಯರಿಗೆ ‘ಯಾಕ್’ ಆದ. 1917, 1919, 1920 ಮತ್ತು 1923ರಲ್ಲಿ ಪೆಂಡಲ್‌ಟನ್‌ನ ಸಮಗ್ರ ಪ್ರಶಸ್ತಿ ಗೆದ್ದ.

ರೋಡಿಯೋ ಅವನಿಗೆ ಕಲಿಸಿದ ಮುಖ್ಯ ವಿದ್ಯೆ ಕೂರುವುದಲ್ಲ, ಬೀಳುವುದು. ಎಗರುವ ಕುದುರೆ ಎಂಥವನನ್ನೂ ಒಂದಲ್ಲ ಒಂದು ದಿನ ಕೆಡವುತ್ತದೆ. ಯಾವ ಕಡೆ ಬೀಳಬೇಕು, ಗಾಳಿಯಲ್ಲಿರುವಾಗಲೇ ಮೈಯನ್ನು ಹೇಗೆ ತಿರುವಬೇಕು, ನೆಲ ಮುಟ್ಟಿದ ಕೂಡಲೇ ಗೊರಸಿನ ದಾರಿಯಿಂದ ಯಾವ ದಿಕ್ಕಿಗೆ ಉರುಳಬೇಕು, ಇದು ಸಾವಿರ ಸಲ ಬಿದ್ದವನಿಗೆ ಮಾತ್ರ ಒಲಿಯುವ ವಿದ್ಯೆ.

ನಾಯಕನಾದ, ದನಿ ಹೋಯಿತು

1919ರ ಸುಮಾರಿಗೆ ಲಾಸ್ ಏಂಜಲೀಸ್‌ನಲ್ಲಿ ಆ ಕಾಲದ ಕೌಬಾಯ್ ತಾರೆ ಟಾಮ್ ಮಿಕ್ಸ್‌ನ ಪರಿಚಯವಾಗಿ ಕನಟ್ ಸಿನಿಮಾದ ಹೊಸ್ತಿಲು ತುಳಿದ. ಆಗ ಚಿತ್ರಗಳಿಗೆ ಮಾತಿರಲಿಲ್ಲ. ಕುದುರೆ ಮೇಲೆ ಚೆನ್ನಾಗಿ ಕಾಣುವ, ಡೂಪ್ ಇಲ್ಲದೆ ಎಲ್ಲವನ್ನೂ ತಾನೇ ಮಾಡುವ ಆರಡಿ ಆಳು ನಿರ್ಮಾಪಕರಿಗೆ ಬೇಕಿತ್ತು. 1920ರ ದಶಕದ ನಡುವೆ ಕನಟ್ ಅಗ್ಗದ ವೆಸ್ಟರ್ನ್ ಚಿತ್ರಗಳ ನಾಯಕನಾಗಿಯೇ ಒಂದಾದ ಮೇಲೊಂದರಲ್ಲಿ ನಟಿಸಿದ. 1926ರ ‘ದಿ ಡೆವಿಲ್ ಹಾರ್ಸ್’ ಅವುಗಳಲ್ಲಿ ಹೆಸರಾದದ್ದು.

ದಶಕದ ಕೊನೆಗೆ ಚಿತ್ರಗಳು ಮಾತಾಡಲು ಕಲಿತವು. ಮೊದಲ ಮಹಾಯುದ್ಧದ ಕಾಲದಲ್ಲಿ ನೌಕಾಪಡೆಯಲ್ಲಿದ್ದಾಗ ಬಂದ ಫ್ಲೂ ಜ್ವರ ಕನಟ್‌ನ ಗಂಟಲನ್ನು ಕೆಡಿಸಿತ್ತು. ದನಿಯಲ್ಲಿ ನಾದವಿರಲಿಲ್ಲ, ಒಡಕಲು. ಮೈಕಿನ ಮುಂದೆ ನಾಯಕನಾಗಿ ನಿಲ್ಲುವ ದಾರಿ ಅಲ್ಲಿಗೆ ಮುಚ್ಚಿತು.

ಮೂಕಿ ಎಂದರೆ ಕನ್ನಡದಲ್ಲಿ ಮಾತಿಲ್ಲದ ಚಿತ್ರವೂ ಹೌದು, ಗಾಡಿಯ ಮರವೂ ಹೌದು. ಒಂದು ಮೂಕಿ ಕೈಬಿಟ್ಟು ಇನ್ನೊಂದನ್ನು ಹಿಡಿದವನ ಕತೆ ಇದು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಮೂವತ್ತೈದರ ಹತ್ತಿರದ ವಯಸ್ಸಿನಲ್ಲಿ, ನಾಯಕನಾಗಿ ಪೋಸ್ಟರಿನ ಮೇಲೆ ಮುಖ ಕಂಡವನು, ಇನ್ನೊಬ್ಬ ನಾಯಕನ ಅಂಗಿ ತೊಟ್ಟು ಬೆನ್ನು ತೋರಿಸುವ ಕೆಲಸಕ್ಕೆ ಇಳಿಯುವುದು ಸಣ್ಣ ಮಾತಲ್ಲ. ಹೀರೋ ಪಟ್ಟ ಹೋಯಿತೆಂದು ಕುಡಿತಕ್ಕೆ ಬಿದ್ದು ಕಳೆದುಹೋದ ಮೂಕಿ ಯುಗದ ತಾರೆಯರು ಹಲವರಿದ್ದಾರೆ. ಕನಟ್ ತನ್ನಲ್ಲಿ ಏನು ಉಳಿದಿದೆ ಎಂದು ನೋಡಿದ. ಕುದುರೆ ಉಳಿದಿತ್ತು, ಬೀಳುವ ವಿದ್ಯೆ ಉಳಿದಿತ್ತು. ಅದನ್ನೇ ಕಸುಬು ಮಾಡಿಕೊಂಡ. ಅಗ್ಗದ ಚಿತ್ರಗಳಲ್ಲಿ ಖಳನ ಬಂಟನ ಪಾತ್ರವೂ ಅವನದೇ, ನಾಯಕನ ಡೂಪೂ ಅವನೇ. ಹೀಗಾಗಿ ತೆರೆಯ ಮೇಲೆ ಕನಟ್ ಕನಟ್‌ನನ್ನೇ ಅಟ್ಟಿಸಿಕೊಂಡು ಹೋಗುವುದೂ ಇತ್ತು.

ತಾಗದ ಗುದ್ದು

ಜಾನ್ ವೇಯ್ನ್ ಜೊತೆಗಿನ ನಂಟು ಶುರುವಾದದ್ದು 1932ರ ‘ದಿ ಶ್ಯಾಡೋ ಆಫ್ ದಿ ಈಗಲ್’ ಎಂಬ 12 ಕಂತುಗಳ ಧಾರಾವಾಹಿ ಚಿತ್ರದಲ್ಲಿ. ವೇಯ್ನ್ ಆಗಿನ್ನೂ ನೆಲೆ ಕಾಣದ ಹುಡುಗ. ಆ ಸೋಮಾರಿ ನಡಿಗೆ, ಮಾತನ್ನು ಎಳೆದೆಳೆದು ಬಿಡುವ ರೀತಿ, ವೇಯ್ನ್ ಎಂದರೆ ಇಡೀ ಜಗತ್ತಿಗೆ ನೆನಪಾಗುವ ಈ ಎರಡನ್ನೂ ಕನಟ್‌ನನ್ನು ನೋಡಿ ಕಲಿತೆ ಎಂದು ವೇಯ್ನ್ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾನೆ.

ಇಬ್ಬರೂ ಸೇರಿ, ನಿರ್ದೇಶಕ ರಾಬರ್ಟ್ ಬ್ರ್ಯಾಡ್‌ಬರಿಯ ಜೊತೆ, ರೂಢಿಗೆ ತಂದ ಒಂದು ವಿಧಾನ ಇಂದಿಗೂ ಎಲ್ಲ ಭಾಷೆಯ ಚಿತ್ರಗಳಲ್ಲಿ ಜೀವಂತವಾಗಿದೆ. ಅದುವರೆಗೆ ಹೊಡೆದಾಟವೆಂದರೆ ನಿಜವಾಗಿಯೂ ಭುಜಕ್ಕೆ, ಎದೆಗೆ ಗುದ್ದಿಕೊಳ್ಳುವುದೇ ಆಗಿತ್ತು. ನೋವೂ ಆಗುತ್ತಿತ್ತು, ನೋಡಲು ಸುಳ್ಳಾಗಿಯೂ ಕಾಣುತ್ತಿತ್ತು. ಇವರು ಕ್ಯಾಮೆರಾವನ್ನು ಒಬ್ಬನ ಹೆಗಲ ಹಿಂದಕ್ಕೆ ಸರಿಸಿದರು. ಮುಷ್ಟಿ ಎದುರಿನವನ ದವಡೆಯ ಮುಂದೆ ಗಾಳಿಯಲ್ಲಿ ಹಾದುಹೋಗುತ್ತದೆ. ಅದೇ ಕ್ಷಣಕ್ಕೆ ಅವನು ತಲೆ ಹೊರಳಿಸುತ್ತಾನೆ. ಕ್ಯಾಮೆರಾದ ಕಣ್ಣಿಗೆ ಮುಷ್ಟಿಗೂ ದವಡೆಗೂ ನಡುವಿನ ಅಂತರ ಕಾಣುವುದಿಲ್ಲ, ಸದ್ದನ್ನು ಆಮೇಲೆ ಸೇರಿಸಿದರಾಯಿತು. ಇಂದು ಗಾಂಧಿನಗರದ ಯಾವ ಫೈಟ್ ಮಾಸ್ಟರ್ ಆದರೂ ಹೊಸ ಹುಡುಗನಿಗೆ ಮೊದಲ ದಿನ ಕಲಿಸುವುದು ಇದನ್ನೇ: ಪಂಚ್ ಹೊಡೆಯುವವನಿಗಿಂತ ರಿಯಾಕ್ಷನ್ ಕೊಡುವವನ ಟೈಮಿಂಗ್ ಮುಖ್ಯ.

ಇಲ್ಲಿಯೇ ಕನಟ್‌ನ ಬುದ್ಧಿ ಯಾವ ದಿಕ್ಕಿಗೆ ಹರಿಯುತ್ತಿತ್ತು ಎಂಬುದು ಗೊತ್ತಾಗುತ್ತದೆ. ಇನ್ನೂ ಜೋರಾಗಿ ಗುದ್ದಿಸಿಕೊಳ್ಳುವವನೇ ಒಳ್ಳೆಯ ಸ್ಟಂಟ್‌ಮ್ಯಾನ್ ಎಂಬ ಲೆಕ್ಕವನ್ನೇ ಅವನು ತಲೆಕೆಳಗು ಮಾಡಿದ.

ಮತ್ತೆ ಆ ಗಾಡಿಯ ಬಳಿಗೆ

‘ಸ್ಟೇಜ್‌ಕೋಚ್’ ಹೊತ್ತಿಗೆ ಈ ಕಸರತ್ತು ಅವನಿಗೆ ಹೊಸದಾಗಿರಲಿಲ್ಲ. 1937ರ ‘ರೈಡರ್ಸ್ ಆಫ್ ದಿ ಡಾನ್’ ಎಂಬ ಸಣ್ಣ ಬಜೆಟ್ಟಿನ ಚಿತ್ರದಲ್ಲಿ ಇಂಥದೇ ಒಂದನ್ನು ಮಾಡಿದ್ದ. ದೊಡ್ಡ ಚಿತ್ರಕ್ಕೆ ಬರುವ ಮೊದಲು ಸಣ್ಣದರಲ್ಲಿ ಕೈ ಪಳಗಿಸಿಕೊಳ್ಳುವುದು ಅವನ ಪದ್ಧತಿ.

ಗಾಡಿಯ ಕೆಳಗೆ ಹೋಗುವ ಬಗೆಯನ್ನು ಕನಟ್ ತಾನೇ ವಿವರಿಸಿದ್ದಾನೆ. ಮೊದಲ ನಿಯಮ ಕೇಳಿದರೆ ಎದೆ ಝಲ್ಲೆನ್ನುತ್ತದೆ: ಕುದುರೆಗಳನ್ನು ಜೋರಾಗಿ ಓಡಿಸಬೇಕು. ನಿಧಾನವಾದರೆ ಅಪಾಯ ಕಡಿಮೆ ಎಂದು ನಾವು ನೀವು ಅಂದುಕೊಳ್ಳುತ್ತೇವೆ. ನಿಧಾನವಾಗಿ ಓಡುವ ಕುದುರೆ ಅಡ್ಡಾದಿಡ್ಡಿ ಹೆಜ್ಜೆ ಇಡುತ್ತದೆ, ಪಕ್ಕಕ್ಕೆ ವಾಲುತ್ತದೆ. ನಾಗಾಲೋಟದಲ್ಲಿರುವ ಕುದುರೆ ದಾರ ಹಿಡಿದಂತೆ ನೆಟ್ಟಗೆ ಓಡುತ್ತದೆ. ಕೆಳಗೆ ಮಲಗಿದವನಿಗೆ ಗೊರಸು ಎಲ್ಲಿ ಬೀಳುತ್ತದೆ ಎಂಬುದು ಮೊದಲೇ ಗೊತ್ತಿರಬೇಕೆಂದರೆ ವೇಗವೇ ಬೇಕು.

ಎರಡನೆಯದು ಮೊಣಕೈ. ಕೈ ಬಿಟ್ಟ ಕೂಡಲೇ ತೋಳುಗಳನ್ನು ಎದೆ, ಹೊಟ್ಟೆಯ ಮೇಲಕ್ಕೆ ತಂದು ಮೊಣಕೈಗಳನ್ನು ಪಕ್ಕೆಗೆ ಬಿಗಿಯಾಗಿ ಒತ್ತಿಕೊಳ್ಳಬೇಕು. ಇಲ್ಲದಿದ್ದರೆ ಗಾಡಿಯ ಮುಂದಿನ ಅಚ್ಚು ಬಡಿದು ಅವನ್ನು ಕಿತ್ತುಕೊಂಡು ಹೋಗುತ್ತದೆ. ಎತ್ತಿನ ಗಾಡಿಯ ಅಚ್ಚು ನೆಲದಿಂದ ಎಷ್ಟು ಎತ್ತರದಲ್ಲಿರುತ್ತದೆ ಎಂದು ಬಗ್ಗಿ ನೋಡಿದವರಿಗೆ ಈ ಮಾತಿನ ತೂಕ ಗೊತ್ತಾಗುತ್ತದೆ. ಆ ಮರುಭೂಮಿಯ ನೆಲದ ಮೇಲೆ ಎದೆಗೂ ಅಚ್ಚಿಗೂ ನಡುವೆ ಇದ್ದ ಜಾಗ ಎಷ್ಟೆಂದು ಕನಟ್‌ಗೆ ಗೊತ್ತಿತ್ತು. ಉಸಿರು ಎಳೆದುಕೊಂಡರೆ ಎಷ್ಟು ಕಡಿಮೆಯಾಗುತ್ತದೆ ಎಂಬುದನ್ನೂ ಅವನು ಲೆಕ್ಕಕ್ಕೆ ಹಿಡಿದಿದ್ದನೆಂದು ನಾನು ನಂಬುತ್ತೇನೆ.

ಕೆಲಸ ಮುಗಿದ ಮೇಲೆ ಕನಟ್ ಎದ್ದು ಓಡಿಬಂದು, ಕ್ಯಾಮೆರಾದಲ್ಲಿ ಸರಿಯಾಗಿ ಸಿಕ್ಕಿತೇ ಎಂದು ಕೇಳಿದನಂತೆ. ಸಿಕ್ಕಿರದಿದ್ದರೂ ಇದನ್ನು ಇನ್ನೊಮ್ಮೆ ತೆಗೆಯುವುದಿಲ್ಲ ಎಂದು ಫೋರ್ಡ್ ಹೇಳಿದನಂತೆ. ನಟರನ್ನು ಕಾಡಿ ಕೆಲಸ ತೆಗೆಯುವುದರಲ್ಲಿ ಹೆಸರಾಗಿದ್ದ ನಿರ್ದೇಶಕ ಅವನು. ಅವನಿಗೂ ಆ ಒಂದು ಟೇಕ್ ಸಾಕಾಗಿತ್ತು.

ಅದೇ ದೃಶ್ಯಸರಣಿಯಲ್ಲಿ, ಲಗಾಮು ಕೈತಪ್ಪಿದಾಗ ನಾಯಕ ಗಾಡಿಯಿಂದ ಹಿಂಜೋಡಿಗೆ, ಅಲ್ಲಿಂದ ನಡುಜೋಡಿಗೆ, ಅಲ್ಲಿಂದ ಮುಂಜೋಡಿಗೆ ಹಾರುತ್ತ ಹೋಗುತ್ತಾನೆ. ಅದು ವೇಯ್ನ್ ಅಲ್ಲ, ಅವನ ಬಟ್ಟೆಯಲ್ಲಿದ್ದ ಕನಟ್. ಗುಂಡೇಟು ತಿಂದು ಬಿದ್ದವನೂ ಅವನೇ, ಗಾಡಿ ಉಳಿಸಿದವನೂ ಅವನೇ. ಗಾಡಿ ತುಂಬಿದ ಹೊಳೆ ದಾಟುವ ದೃಶ್ಯಕ್ಕೂ ಅವನ ಕೈ ಹತ್ತಿದೆ. ಟೊಳ್ಳು ಮಾಡಿದ ಮರದ ದಿಮ್ಮಿಗಳನ್ನು ಗಾಡಿಯ ಎರಡೂ ಪಕ್ಕಕ್ಕೆ ಕಟ್ಟಿ ತೇಲಿಸಿ, ನೀರಿನೊಳಗಿನ ಕೇಬಲ್ಲಿನಿಂದ ಎಳೆಸಿದರು. ಹೊಳೆ ದಾಟುವ ದೃಶ್ಯ ಸುಮ್ಮನೆ ಕಣ್ಣಿಗೆ ಬಿದ್ದು ಹೋಗುತ್ತದೆ, ಯಾರೂ ಅದನ್ನು ಸಾಹಸ ಎನ್ನುವುದಿಲ್ಲ. ನನ್ನ ಮಟ್ಟಿಗೆ ಅವನ ಕಸುಬುದಾರಿಕೆ ಅಲ್ಲೂ ಅಷ್ಟೇ ಇದೆ.

ಇನ್ನೊಂದು ಮಾತನ್ನೂ ಇಲ್ಲಿ ಹೇಳಲೇಬೇಕು. ಆ ಚಿತ್ರದಲ್ಲಿ ಅಪಾಚೆಗಳು ಮುಖವಿಲ್ಲದ, ಮಾತಿಲ್ಲದ ಶತ್ರುಗಳು. ಮಾನ್ಯುಮೆಂಟ್ ಕಣಿವೆಯಲ್ಲಿ ತೆಗೆದ ದೃಶ್ಯಗಳಲ್ಲಿ ಅಲ್ಲಿನ ನವಾಹೋ ಜನರನ್ನೇ ಅಪಾಚೆಗಳೆಂದು ನಿಲ್ಲಿಸಿದ್ದರು. ಬಿದ್ದು ಸಾಯುವ ಅಪಾಚೆಯಾಗಿ ಕನಟ್ ಎಂಬ ಬಿಳಿಯ. ತಮ್ಮದೇ ನೆಲದಲ್ಲಿ ನೆಲದ ಜನ ಖಳರಾದ ಕತೆಗಳ ಮೇಲೆ ಈ ಕಲೆ ಬೆಳೆಯಿತು ಎನ್ನುವುದನ್ನು ಮರೆತು ಅದನ್ನು ಹೊಗಳಲು ನನ್ನಿಂದಾಗದು.

ಕೇಬಲ್ಲು, ಕೊಂಡಿ, ರಿಕಾಪು

ಮರುವರ್ಷ, 1940ರಲ್ಲಿ, ರಿಪಬ್ಲಿಕ್ ಕಂಪನಿಯ ‘ಡಾರ್ಕ್ ಕಮಾಂಡ್’ ಚಿತ್ರಕ್ಕೆ ಕುದುರೆ, ಗಾಡಿ, ಮನುಷ್ಯರು ಎಲ್ಲ ಒಟ್ಟಿಗೆ ಎತ್ತರದ ದಂಡೆಯಿಂದ ನೀರಿಗೆ ಹಾರುವ ದೃಶ್ಯ ಬೇಕಾಯಿತು. ಅಪಾಯ ಎಲ್ಲಿದೆ ಎಂದು ಯೋಚಿಸಿ. ಎತ್ತರದಲ್ಲಷ್ಟೇ ಅಲ್ಲ. ಮೊದಲು ನೀರಿಗೆ ಬಿದ್ದವರ ತಲೆಯ ಮೇಲೆ ಹಿಂದಿನಿಂದ ಗಾಡಿ ಬೀಳುತ್ತದೆ. ಸರಂಜಾಮಿಗೆ ಕಟ್ಟಿಹಾಕಿದ ಕುದುರೆಗಳು ಈಜಲಾಗದೆ ಮುಳುಗುತ್ತವೆ. ಕನಟ್ ಎರಡಕ್ಕೂ ಬೇರೆ ಬೇರೆ ಉಪಾಯ ಮಾಡಿದ. ಬೀಳುತ್ತಿರುವ ಗಾಡಿಯನ್ನು ಗಾಳಿಯಲ್ಲೇ ಹಿಂದಕ್ಕೆಳೆಯುವ ಕೇಬಲ್ ವ್ಯವಸ್ಥೆ ಒಂದು. ನೀರು ಮುಟ್ಟುವ ಮೊದಲೇ ಕುದುರೆಗಳಿಂದ ಕಳಚಿಕೊಳ್ಳುವ ಸರಂಜಾಮು ಇನ್ನೊಂದು. ನೋಡುವವರಿಗೆ ಎಲ್ಲವೂ ಒಂದೇ ರಾಶಿಯಾಗಿ ಬಿದ್ದಂತೆ ಕಂಡಿತು. ನಿಜದಲ್ಲಿ ಒಂದರಿಂದೊಂದು ಬೇರೆಯಾಗಿ ಬಿದ್ದಿದ್ದವು.

ಗಾಡಿ ಮಗುಚುವ ದೃಶ್ಯಗಳಿಗೂ ಇಂಥದೇ ಕೆಲಸ ಮಾಡಿದ. ಸರಿಯಾದ ಗಳಿಗೆಗೆ ಕುದುರೆಗಳು ಕೊಂಡಿಯಿಂದ ಬಿಡುಗಡೆಯಾಗಿ ಓಡಿಹೋಗುತ್ತವೆ, ಗಾಡಿ ಮಾತ್ರ ಗುರುತು ಹಾಕಿದ ಜಾಗದಲ್ಲೇ ಮಗುಚುತ್ತದೆ. ಎಷ್ಟು ಸಲ ಮಾಡಿದರೂ ಅದೇ ಜಾಗ. ಕ್ಯಾಮೆರಾ ಎಲ್ಲಿಡಬೇಕು, ಜನ ಎಲ್ಲಿ ನಿಲ್ಲಬೇಕು ಎಂಬುದು ಮೊದಲೇ ತಿಳಿದಿರುತ್ತದೆ.

ಇವೆಲ್ಲಕ್ಕಿಂತ ನನಗೆ ಪ್ರಿಯವಾದದ್ದು ಒಂದು ಪುಟ್ಟ ವಸ್ತು. ಕುದುರೆ ಸವಾರನ ದೊಡ್ಡ ಭಯ ಬೀಳುವುದಲ್ಲ, ಬಿದ್ದ ಮೇಲೆ ಕಾಲು ರಿಕಾಪಿನಲ್ಲಿ, ಅಂದರೆ ಜೀನಿನಿಂದ ಇಳಿಬಿದ್ದ ಕಾಲಿಡುವ ಬಳೆಯಲ್ಲಿ, ಸಿಕ್ಕಿಕೊಂಡು ಓಡುವ ಕುದುರೆಯ ಹಿಂದೆ ಎಳೆದಾಡಿಸಿಕೊಳ್ಳುವುದು. ಕನಟ್ ರಿಕಾಪಿನ ಒಂದು ಪಕ್ಕವನ್ನೇ ತೆಗೆದುಹಾಕಿದ. ಉಳಿದದ್ದು ಇಂಗ್ಲಿಷಿನ ಎಲ್ ಅಕ್ಷರದ ಆಕಾರ: ಕಾಲಿಡಲು ಅಡಿಪಟ್ಟಿ ಇದೆ, ಕಾಲನ್ನು ಬಂಧಿಸುವ ಉಂಗುರವಿಲ್ಲ. ದೂರದಿಂದ ನೋಡುವವರಿಗೆ ಮಾಮೂಲಿ ರಿಕಾಪು. ಬೀಳುವವನಿಗೆ ಬಾಗಿಲು ತೆರೆದಿದೆ. ಎಷ್ಟು ಸರಳ! ಅವನ ಬದುಕಿನ ಪೂರ್ತಿ ಸಾರ ಆ ತೆಗೆದುಹಾಕಿದ ಒಂದು ಕಬ್ಬಿಣದ ಪಟ್ಟಿಯಲ್ಲಿದೆ ಎಂದು ನನಗನ್ನಿಸುತ್ತದೆ.

ಕುದುರೆಗಳ ಕಡೆಯ ಲೆಕ್ಕ

ಈ ಪ್ರಕರಣದಲ್ಲಿ ನನಗೆ ಒಪ್ಪಿಗೆಯಾಗದ ಭಾಗ ಇದು. ಓಡುವ ಕುದುರೆ ಮುಗ್ಗರಿಸಿ ಬೀಳುವ ದೃಶ್ಯಕ್ಕೆ ಆ ಕಾಲದಲ್ಲಿ ‘ರನ್ನಿಂಗ್ ಡಬ್ಲ್ಯು’ ಎಂಬ ತಂತಿಯ ಸಾಧನ ಬಳಸುತ್ತಿದ್ದರು. ಕುದುರೆಯ ಮುಂಗಾಲುಗಳಿಗೆ ತಂತಿ ಕಟ್ಟಿ, ಅದನ್ನು ಹೊಟ್ಟೆಪಟ್ಟಿಯ ಬಳೆಯ ಮೂಲಕ ಹಾಯಿಸಿ, ಉದ್ದನೆಯ ಕೇಬಲ್ಲಿಗೆ ಸೇರಿಸಿ, ಕೇಬಲ್ಲಿನ ತುದಿಯನ್ನು ನೆಲದಲ್ಲಿ ಹೂತ ಗೂಟಕ್ಕೆ ಬಿಗಿಯುವುದು. ಕೇಬಲ್ ಮುಗಿಯುವಷ್ಟು ದೂರ ಓಡಿದ ಕೂಡಲೇ ಮುಂಗಾಲು ಮೇಲಕ್ಕೆ ಸೆಳೆದುಕೊಳ್ಳುತ್ತವೆ, ಕುದುರೆ ಮುಗುಚಿ ಬೀಳುತ್ತದೆ, ಸವಾರ ಅದರ ತಲೆಯ ಮೇಲಿಂದ ಹಾರುತ್ತಾನೆ. 1936ರ ‘ದಿ ಚಾರ್ಜ್ ಆಫ್ ದಿ ಲೈಟ್ ಬ್ರಿಗೇಡ್’ ಚಿತ್ರೀಕರಣದಲ್ಲಿ ಇಂಥ ತಂತಿಗಳಿಂದ ಹಲವು ಕುದುರೆಗಳು ಸತ್ತವು.

ಕನಟ್ ಇದನ್ನು 300ರಷ್ಟು ಸಲ ಮಾಡಿದ್ದಾಗಿಯೂ ಒಂದು ಕುದುರೆಯನ್ನೂ ಊನ ಮಾಡಲಿಲ್ಲವೆಂದೂ ಹೇಳಿಕೊಳ್ಳುತ್ತಿದ್ದ. ನೆಲ ಮೆದು ಮಾಡಿ, ತಂತಿಯ ಅಳತೆ ಸರಿಯಾಗಿ ಹಿಡಿದರೆ ಕುದುರೆಗೆ ಪೆಟ್ಟಾಗುವುದಿಲ್ಲ ಎಂಬುದು ಅವನ ನಂಬಿಕೆ. ಅವನ ಕೈಚಳಕದ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಬೀಳಲು ಹೊರಟವನಿಗೆ ತಾನು ಬೀಳುತ್ತೇನೆಂದು ಗೊತ್ತಿರುತ್ತದೆ, ಕುದುರೆಗೆ ಗೊತ್ತಿರುವುದಿಲ್ಲ. ಮನುಷ್ಯನ ಕಾಲಿಗೆ ರಿಕಾಪಿನಿಂದ ಬಿಡುಗಡೆ ಕಂಡುಹಿಡಿದ ಅದೇ ಬುದ್ಧಿ ಕುದುರೆಯ ಕಾಲಿಗೆ ತಂತಿ ಕಟ್ಟಿದ್ದನ್ನು ಸಮರ್ಥಿಸಿಕೊಂಡಿತಲ್ಲ ಎಂದು ಬೇಸರವಾಗುತ್ತದೆ. 1939ರ ‘ಜೆಸ್ಸಿ ಜೇಮ್ಸ್’ ಚಿತ್ರಕ್ಕಾಗಿ ಕುದುರೆಯನ್ನು ಬಂಡೆಯ ಮೇಲಿಂದ ನೀರಿಗೆ ಬೀಳಿಸಿ ಅದು ಸತ್ತಾಗ ಜನ ರೊಚ್ಚಿಗೆದ್ದರು. ಮರುವರ್ಷದಿಂದ ಅಮೆರಿಕನ್ ಹ್ಯೂಮೇನ್ ಸಂಸ್ಥೆ ಹಾಲಿವುಡ್ ಚಿತ್ರೀಕರಣಗಳ ಮೇಲೆ ಕಣ್ಣಿಡತೊಡಗಿತು. ತಂತಿಯ ಪದ್ಧತಿ ಕ್ರಮೇಣ ನಿಂತು, ಸನ್ನೆಗೆ ತಾನಾಗಿ ಬೀಳುವಂತೆ ತರಬೇತಾದ ಕುದುರೆಗಳು ಬಂದವು.

ಮೈ ಕೊಟ್ಟ ಬಿಲ್ಲು

ಎಷ್ಟು ಅಳೆದರೂ ಅಳತೆಗೆ ಸಿಗದ್ದು ಉಳಿದೇ ಇರುತ್ತದೆ. ‘ಗಾನ್ ವಿತ್ ದಿ ವಿಂಡ್’ ಚಿತ್ರದಲ್ಲಿ ಉರಿಯುವ ಅಟ್ಲಾಂಟಾದ ನಡುವೆ ಕ್ಲಾರ್ಕ್ ಗೇಬಲ್‌ನ ಡೂಪ್ ಆಗಿ ಗಾಡಿ ಓಡಿಸಿ ಸುಖವಾಗಿ ಹೊರಬಂದವನು, 1940ರ ‘ಬೂಮ್ ಟೌನ್’ನಲ್ಲಿ ಅದೇ ಗೇಬಲ್‌ಗೆ ಡೂಪ್ ಆಗಿದ್ದಾಗ ಸಾವಿನ ಬಾಗಿಲು ತಟ್ಟಿಬಂದ. ಕುದುರೆ ಹಿಂದಕ್ಕೆ ಮಗುಚಿ ಇವನ ಮೇಲೆ ಬಿತ್ತು. ಜೀನಿನ ಮುಂದಿನ ಕೊಂಬು ಹೊಟ್ಟೆಗೆ ಒತ್ತಿ ಕರುಳು ತುಂಡಾಯಿತು. ಶಸ್ತ್ರಚಿಕಿತ್ಸೆ ಮಾಡಿ ಉಳಿಸಿಕೊಂಡರು. 1943ರಲ್ಲಿ ರಾಯ್ ರಾಜರ್ಸ್ ನಾಯಕನಾಗಿದ್ದ ‘ಐಡಹೋ’ ಚಿತ್ರದಲ್ಲಿ ಗಾಡಿಯಿಂದ ಬಿದ್ದು ಎರಡೂ ಕಾಲು ಹರಡಿನ ಬಳಿ ಮುರಿದವು.

47 ವಯಸ್ಸು, ಎರಡೂ ಕಾಲಿಗೆ ಪ್ಲಾಸ್ಟರ್. ಬೇರೆಯವರಾಗಿದ್ದರೆ ವೃತ್ತಿ ಅಲ್ಲಿಗೆ ಮುಗಿಯುತ್ತಿತ್ತು. ಕನಟ್ ಅಷ್ಟರೊಳಗೆ ಇನ್ನೊಂದು ಬಾಗಿಲು ತೆರೆದಿಟ್ಟುಕೊಂಡಿದ್ದ. ಡಾರ್ಕ್ ಕಮಾಂಡ್ ಕಾಲದಿಂದಲೇ ಸಾಹಸ ದೃಶ್ಯಗಳನ್ನು ತಾನೇ ಯೋಜಿಸುತ್ತ ಬಂದಿದ್ದವನು ಈಗ ಪೂರ್ತಿಯಾಗಿ ಆ ಕಡೆ ಹೊರಳಿದ. ಮುಖ್ಯ ನಿರ್ದೇಶಕ ನಟರ ಜೊತೆ ಮಾತಿನ ದೃಶ್ಯ ತೆಗೆಯುತ್ತಿರುವಾಗ ಹೊರಗೆ ಯುದ್ಧ, ಓಟ, ಹೊಡೆದಾಟಗಳನ್ನು ತೆಗೆಯುವ ತಂಡಕ್ಕೆ ಸೆಕೆಂಡ್ ಯೂನಿಟ್ ಎನ್ನುತ್ತಾರೆ. ಅದರ ನಿರ್ದೇಶಕನಾಗಿ ‘ಐವನ್‌ಹೋ’, ‘ಸ್ಪಾರ್ಟಕಸ್’, ‘ಎಲ್ ಸಿಡ್’ ಮುಂತಾದ ದೊಡ್ಡ ಚಿತ್ರಗಳಿಗೆ ದುಡಿದ. ಬಿದ್ದೂ ಬಿದ್ದೂ ಕಲಿತವನ ಕೈಗೆ ಬೀಳಿಸುವ ಅಧಿಕಾರ ಬಂದಿತ್ತು. ಇದು ಈ ವೃತ್ತಿಬದುಕಿನ ನಿಜವಾದ ತಿರುವು. ಜೀವದ ಲೆಕ್ಕ ಈಗ ತನ್ನೊಬ್ಬನದಾಗಿರಲಿಲ್ಲ.

ರೋಮ್, 1958: ಮಗನ ಸರದಿ

ವಿಲಿಯಂ ವೈಲರ್ ನಿರ್ದೇಶನದ ‘ಬೆನ್-ಹರ್’ ಚಿತ್ರದ ರಥದ ಓಟ ತೆರೆಯ ಮೇಲೆ ಒಂಬತ್ತು ನಿಮಿಷ. ಅದನ್ನು ತೆಗೆದವರು ಆ್ಯಂಡ್ರೂ ಮಾರ್ಟನ್ ಮತ್ತು ಕನಟ್. ರೋಮ್‌ನ ಚಿನೆಚಿತ್ತಾ ಸ್ಟುಡಿಯೋದಲ್ಲಿ 18 ಎಕರೆ ಅಂಗಳ, 78 ಕುದುರೆ, 18 ರಥ. ಒಂದೊಂದು ರಥದ ತೂಕ 400 ಕಿಲೋ. ನಾಲ್ಕು ಕುದುರೆಗಳನ್ನು ಸಾಲಾಗಿ ಕಟ್ಟಿದ ಒಂಬತ್ತು ರಥಗಳು ಒಟ್ಟಿಗೆ ತಿರುವಿನಲ್ಲಿ ಹೊರಳಬೇಕು. ತಿಂಗಳುಗಟ್ಟಲೆ ತಾಲೀಮು ನಡೆಯಿತು. ನಾಯಕ ಚಾರ್ಲ್‌ಟನ್ ಹೆಸ್ಟನ್‌ಗೂ ಕನಟ್ ರಥ ಓಡಿಸಲು ಕಲಿಸಿದ. ಓಡಿಸುವುದೇನೋ ಬಂತು, ಗೆಲ್ಲುತ್ತೇನೋ ಇಲ್ಲವೋ ಎಂದು ಹೆಸ್ಟನ್ ಅನುಮಾನಿಸಿದಾಗ, ನೀನು ರಥದಲ್ಲಿ ನಿಂತುಕೊಂಡಿರು ಸಾಕು, ಗೆಲ್ಲಿಸುವುದು ನನ್ನ ಜವಾಬ್ದಾರಿ ಎಂದು ಕನಟ್ ಧೈರ್ಯ ತುಂಬಿದ್ದನ್ನು ಹೆಸ್ಟನ್ ಮುಂದೆ ಬಹಳ ಸಲ ಹೇಳಿಕೊಂಡ.

ಹೆಸ್ಟನ್‌ನ ಡೂಪ್ ಆಗಿ ಇದ್ದವನು ಕನಟ್‌ನ ಮಗ ಜೋ. ಎದುರಿಗೆ ಮುರಿದು ಬಿದ್ದ ರಥಗಳ ಮೇಲಿಂದ ಬೆನ್-ಹರ್‌ನ ರಥ ಹಾರಬೇಕಿತ್ತು. ಹಾರಿತು. ನೆಲಕ್ಕೆ ಬಡಿದ ರಭಸಕ್ಕೆ ಜೋ ರಥದ ಮುಂಚೂಣಿಯಿಂದಾಚೆ ಎಗರಿದ. ಮುಂದೆ ನಾಲ್ಕು ಕುದುರೆಗಳ ಹಿಂಗಾಲು, ಹಿಂದೆ ಗಾಲಿ. ಇಪ್ಪತ್ತು ವರ್ಷದ ಹಿಂದೆ ಅಪ್ಪ ಬೇಕೆಂದೇ ಇಳಿದ ಜಾಗದೊಳಕ್ಕೆ ಮಗ ಬೇಡದೆ ಬೀಳುತ್ತಿದ್ದ. ರಥದ ಮುಂದಿನ ಮರ ಕೈಗೆ ಸಿಕ್ಕಿತು. ಹಿಡಿದುಕೊಂಡು ಮತ್ತೆ ಮೇಲೇರಿದ. ಗದ್ದದಲ್ಲಿ ಒಂದು ಗಾಯ, ಕೆಲವು ಹೊಲಿಗೆ. ಅಷ್ಟೇ. ಆ ತುಣುಕನ್ನು ಹಾಗೇ ಉಳಿಸಿಕೊಂಡು, ರಥದೊಳಕ್ಕೆ ಹತ್ತಿಬರುವ ಹೆಸ್ಟನ್‌ನ ಶಾಟ್ ಒಂದನ್ನು ಸೇರಿಸಿದರು. ಅಪ್ಪ ಅಲ್ಲೇ ನಿಂತು ನೋಡಿದ ಆ ಒಂದೆರಡು ಸೆಕೆಂಡುಗಳನ್ನು ಯೋಚಿಸಿದರೆ ನನಗೆ ಇಂದಿಗೂ ಹೊಟ್ಟೆಯೊಳಗೆ ಕಲಕಿದಂತಾಗುತ್ತದೆ.

ಆ ಓಟದಲ್ಲಿ ಒಬ್ಬ ಸ್ಟಂಟ್‌ಮ್ಯಾನ್ ಸತ್ತ, ಆ ಶಾಟ್ ಚಿತ್ರದಲ್ಲೇ ಇದೆ ಎಂಬ ಮಾತು ಈಗಲೂ ಓಡಾಡುತ್ತದೆ. ಅದು ಸುಳ್ಳು. ಯಾರೂ ಸಾಯಲಿಲ್ಲ. ಸಾವು ನಡೆದೇ ಇರಬೇಕೆಂದು ಜನ ನಂಬುವಷ್ಟು ಚೆನ್ನಾಗಿ ಕೆಲಸ ಮಾಡಿದವನಿಗೆ ಇದು ವಿಚಿತ್ರವಾದ ಅನ್ಯಾಯ.

ಪದಕ ಮತ್ತು ಕಂದಕ

1967ರ ಸಮಾರಂಭದಲ್ಲಿ ಅಕಾಡೆಮಿ ಕನಟ್‌ಗೆ ಗೌರವ ಆಸ್ಕರ್ ಕೊಟ್ಟಿತು. ಸ್ಟಂಟ್‌ಮ್ಯಾನ್ ಆಗಿ ಮಾಡಿದ ಸಾಧನೆಗೆ, ಹಾಗೂ ಎಲ್ಲೆಡೆಯ ಸ್ಟಂಟ್ ಕಲಾವಿದರನ್ನು ಕಾಪಾಡುವ ಸುರಕ್ಷಾ ಸಾಧನಗಳನ್ನು ರೂಪಿಸಿದ್ದಕ್ಕೆ. ಆ ಎರಡನೆಯ ಕಾರಣವನ್ನು ದೊಡ್ಡ ಅಕ್ಷರದಲ್ಲಿ ಬರೆಯಬೇಕು. ಸ್ಟಂಟ್ ವಿನ್ಯಾಸಕ್ಕೆಂದೇ ಪ್ರತಿವರ್ಷದ ಆಸ್ಕರ್ ಸ್ಥಾಪಿಸುವುದಾಗಿ ಅಕಾಡೆಮಿ ಘೋಷಿಸಿದ್ದು 2025ರಲ್ಲಿ. ಮೊದಲ ಪ್ರಶಸ್ತಿ ಸಿಗುವುದು 2027ರ ಚಿತ್ರಗಳಿಗೆ, 2028ರಲ್ಲಿ.

ಇಷ್ಟನ್ನೆಲ್ಲ ಕನ್ನಡದಲ್ಲಿ ಕೂತು ಬರೆಯಲು ಒಂದು ಕಾರಣವಿದೆ. 2016ರ ನವೆಂಬರ್ 7ರಂದು ಬೆಂಗಳೂರಿನ ಹೊರಗಿನ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಕನ್ನಡ ಚಿತ್ರವೊಂದಕ್ಕಾಗಿ ಹೆಲಿಕಾಪ್ಟರ್‌ನಿಂದ ನೀರಿಗೆ ಜಿಗಿದ ಇಬ್ಬರು ಕಲಾವಿದರು ಮುಳುಗಿ ಸತ್ತರು. ಟಿವಿಯಲ್ಲಿ ಆ ದೃಶ್ಯ ಕಂಡವರು ಮರೆತಿಲ್ಲ. ಜಿಗಿಯುವ ಧೈರ್ಯ ಅವರಿಗೆ ಇತ್ತು. ನೀರು ಮುಟ್ಟಿದ ಮೇಲೆ ಏನು ಎಂಬುದಕ್ಕೆ ಬೇಕಾದ ತಯಾರಿ ಇರಲಿಲ್ಲ. ‘ಡಾರ್ಕ್ ಕಮಾಂಡ್’ನ ಕುದುರೆಗಳಿಗೆ 1940ರಲ್ಲೇ ಸಿಕ್ಕಿದ್ದ ಮುಂದಾಲೋಚನೆ ಅದು.

ಕನಟ್ 1986ರ ಮೇ 24ರಂದು ತೀರಿಕೊಂಡ. ಅದಕ್ಕೆ ಐದು ವರ್ಷ ಮೊದಲು, 1981ರಲ್ಲಿ, ಅವನ ಗಾಡಿಯ ಕಸರತ್ತು ಮತ್ತೆ ತೆರೆಗೆ ಬಂತು. ಟೆರ‍್ರಿ ಲಿಯೊನಾರ್ಡ್ ಎಂಬ ಸ್ಟಂಟ್‌ಮ್ಯಾನ್ ಮೊದಲು ಒಂದು ವೆಸ್ಟರ್ನ್ ಚಿತ್ರಕ್ಕಾಗಿ ಕುದುರೆ ಗಾಡಿಯ ಕೆಳಗೆ ಹೋಗಲು ಯತ್ನಿಸಿದ. ಗಾಲಿ ಕಾಲುಗಳ ಮೇಲೆ ಹರಿಯಿತು. ಆಮೇಲೆ ‘ರೇಡರ್ಸ್ ಆಫ್ ದಿ ಲಾಸ್ಟ್ ಆರ್ಕ್’ ಚಿತ್ರದಲ್ಲಿ ಅದನ್ನೇ ಲಾರಿಯ ಕೆಳಗೆ ಮಾಡಬೇಕಾದಾಗ, ರಸ್ತೆಯ ನಡುವೆ ಉದ್ದಕ್ಕೂ ಕಂದಕ ತೋಡಿ, ಮೈಗೂ ಲಾರಿಯ ತಳಕ್ಕೂ ನಡುವೆ ಜಾಗ ಮಾಡಿಕೊಂಡರು.

1938ರಲ್ಲಿ ಆ ಕೆರೆಯಂಗಳದಲ್ಲಿ ಕಂದಕ ಇರಲಿಲ್ಲ. ಸಿಕ್ಕರೆ ಆ ಶಾಟನ್ನು ಕೊನೆಯವರೆಗೂ ನೋಡಿ. ಗಾಡಿ ದಾಟಿಹೋದ ಮೇಲೂ ಕ್ಯಾಮೆರಾ ತಿರುಗುತ್ತಲೇ ಇದೆ. ಗಾಡಿ ಮುಂದೆ ಮುಂದೆ ಹೋಗುತ್ತದೆ, ಹಿಂದೆ ಧೂಳು. ಧೂಳಿನಲ್ಲಿ ಬಿದ್ದ ಮೈ ಒಂದು ಸುತ್ತು ಹೊರಳಿ, ಮೊಣಕೈ ಊರಿ, ಏಳಲು ನೋಡುತ್ತದೆ. ಬಿದ್ದದ್ದು ಗೊಂಬೆಯಲ್ಲ.